ಸಂಪಾದಕರು ಎದ್ದು ಹೊರಟಾಗ

(ಅಹ್ಮದಿಯಲ್ಲಿ ನಡೆದ ಬೀಳ್ಕೊಡುಗೆ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಈ ಸಂಜೆ ಯಾರನ್ನು ಬೀಳ್ಕೊಡಲು ನಾವು ಸೇರಿದ್ದೇವೋ ಅವರು ನನಗೆ ಎರಡು ಷರತ್ತು ಹಾಕಿದ್ದಾರೆ. ತಮ್ಮ ಹೆಸರನ್ನು ಎಲ್ಲಿಯೂ ಬರೆಯಕೂಡದು, ತಮ್ಮನ್ನು ಹೊಗಳಕೂಡದು. ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ತಂಗಿ ಅವರನ್ನು ಅಕ್ಕ ಎನ್ನುತ್ತಾಳೆ. ನಾನೂ ಹಾಗೆಯೇ ಕರೆಯುತ್ತೇನೆ. ಮುಂದಿನ ವಾರ ಅಕ್ಕ ಉಡುಪಿಯ ತಮ್ಮ ಮನೆಗೆ ಹಿಂತಿರುಗುತ್ತಾರೆ. ಇಷ್ಟು ವರ್ಷ ಅವರು ಡ್ಯೂಟಿ ಮುಗಿಸಿಕೊಂಡು ಬಂದು, ಕ್ಯಾಂಪುಗಳಲ್ಲಿರುವ ನಮ್ಮ ಜನರಿಗಾಗಿ ಸಿದ್ಧಪಡಿಸುತ್ತಿದ್ದ ಎರಡು ಪುಟದ ಕನ್ನಡ ಆರೋಗ್ಯ ಹಾಳೆಯನ್ನು ನಿಮ್ಮಲ್ಲಿ ಬಹುತೇಕರು ಓದಿದ್ದೀರಿ, ಕೆಲವರು ಹಂಚಿದ್ದೀರಿ. ಅದಕ್ಕೊಂದು ಹೆಸರೂ ಇಲ್ಲ. ಅಕ್ಕ ತಮ್ಮನ್ನು ಸಂಪಾದಕಿ ಎಂದು ಎಂದೂ ಕರೆದುಕೊಂಡವರಲ್ಲ. ಆದರೆ ಅವರು ಮಾಡಿದ್ದು ಸಂಪಾದಕರ ಕೆಲಸವೇ. ಹೊಗಳಬಾರದೆಂಬ ಮಾತಿಗೆ ಕಟ್ಟುಬಿದ್ದು, ಆ ಕೆಲಸದ ಕುರಿತಷ್ಟೇ ಮಾತನಾಡುತ್ತೇನೆ. ನಾನು ವೈದ್ಯನಲ್ಲ. ಹೊರದೇಶದಲ್ಲಿ ಓದಿ, ವಿಜ್ಞಾನದ ಬರವಣಿಗೆ ಯಾರ ಹಣದಿಂದ, ಯಾರಿಗಾಗಿ ನಡೆಯುತ್ತದೆ ಎಂಬುದನ್ನು ಹುಡುಕುವುದೇ ನನ್ನ ಸಂಬಳದ ಕೆಲಸವಾಗಿದೆ. ಹಾಗಾಗಿ ಸ್ವಲ್ಪ ದೂರದಿಂದ ಸುತ್ತಿಕೊಂಡು ಬರುತ್ತೇನೆ, ಸಹಿಸಿಕೊಳ್ಳಿ.

2018ರಲ್ಲಿ ಅಮೆರಿಕದಲ್ಲಿ ಒಬ್ಬ ಸಂಪಾದಕರು ಕುರ್ಚಿಯಿಂದ ಎದ್ದರು. ಅವರ ಹೆಸರು ಡಾ. ಜೇ ಸಿವೆಕ್. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕುಟುಂಬ ವೈದ್ಯಶಾಸ್ತ್ರದ ಪ್ರಾಧ್ಯಾಪಕರು. 1988ರಿಂದ ಮೂವತ್ತು ವರ್ಷ ಅವರು 'ಅಮೆರಿಕನ್ ಫ್ಯಾಮಿಲಿ ಫಿಸಿಷಿಯನ್' ಎಂಬ ಪತ್ರಿಕೆಯನ್ನು ನಡೆಸಿದ್ದರು. ಕೊನೆಗೆ ಅದನ್ನು ಡಾ. ಸುಮಿ ಸೆಕ್ಸ್‌ಟನ್ ಎಂಬ ವೈದ್ಯೆಯ ಕೈಗೆ ಒಪ್ಪಿಸಿ ನಿವೃತ್ತರಾದರು. ಪತ್ರಿಕೆಯ ಹೊರಗೆ ಅದು ಯಾರಿಗೂ ಸುದ್ದಿಯಾಗಲಿಲ್ಲ. ನನಗೆ ಅದರಲ್ಲಿ ಕಂಡ ವಿಶೇಷವೇ ಅದು.

ಈ ಪತ್ರಿಕೆ ಹೊಸ ಸಂಶೋಧನೆಗಳನ್ನು ಮೊದಲು ಪ್ರಕಟಿಸುವ ಹಿರಿಮೆಯದಲ್ಲ. 1950ರಲ್ಲಿ 'ಜಿಪಿ' ಎಂಬ ಹೆಸರಿನಲ್ಲಿ ಹುಟ್ಟಿತು. ಜಿಪಿ ಎಂದರೆ ಜನರಲ್ ಪ್ರಾಕ್ಟಿಷನರ್, ನಮ್ಮೂರಿನ ಮಾತಿನಲ್ಲಿ 'ನಮ್ಮ ಡಾಕ್ಟ್ರು'. ಕೆಮ್ಮು, ಬಸುರಿಯ ಬೇನೆ, ಮುದುಕರ ಮಂಡಿನೋವು, ಮಗುವಿನ ಲಸಿಕೆ, ಯಾರಿಗೂ ಹೇಳಿಕೊಳ್ಳಲಾಗದ ಮನಸ್ಸಿನ ಕಳವಳ, ಇವೆಲ್ಲವೂ ಒಂದೇ ಬೆಂಚಿನ ಮೇಲೆ ಸರದಿಯಲ್ಲಿ ಕುಳಿತಿರುವ ಕೋಣೆಯ ಡಾಕ್ಟ್ರು. ಹೃದಯದ ತಜ್ಞನಿಗೆ ಹೃದಯದ ಪತ್ರಿಕೆ ಸಾಕು. ಈ ಡಾಕ್ಟ್ರಿಗೆ ಎಲ್ಲ ತಜ್ಞರ ಮಾತೂ ಬೇಕು, ಓದಲು ಪುರುಸೊತ್ತಿಲ್ಲ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ ಮನೆಗೆ ಬಂದವರಿಗೆ, ನಾಳೆ ಬೆಳಿಗ್ಗೆ ಬರುವ ರೋಗಿಗೆ ಏನು ಹೇಳಬೇಕೆಂಬುದನ್ನು ನಾಲ್ಕು ಪುಟದಲ್ಲಿ ತಿಳಿಸಬೇಕು. ಆ ಪತ್ರಿಕೆಯ ಕೆಲಸ ಅಷ್ಟೇ. ಪ್ರಬಂಧದ ಜೊತೆಗೆ ರೋಗಿಯ ಕೈಗೆ ಕೊಡಬಹುದಾದ ಹಾಳೆಯೊಂದನ್ನೂ ಅದು ಅಚ್ಚು ಹಾಕುತ್ತಿತ್ತು. ಸಿವೆಕ್ ಅವರಂತೂ 'ವಾಷಿಂಗ್ಟನ್ ಪೋಸ್ಟ್' ದಿನಪತ್ರಿಕೆಯಲ್ಲಿ ಓದುಗರ ಆರೋಗ್ಯದ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ ಬರೆದವರು. ಆ ಅಭ್ಯಾಸದ ಗುರುತು ಪತ್ರಿಕೆಯ ಮೇಲೂ ಇತ್ತೆಂದು ನನ್ನ ಊಹೆ.

ಅವರ ಕಾಲದಲ್ಲಿ, 2004ರಲ್ಲಿ, ಅವರೂ ಇತರ ಕೆಲವು ಕುಟುಂಬ ವೈದ್ಯಕೀಯ ಪತ್ರಿಕೆಗಳ ಸಂಪಾದಕರೂ ಸೇರಿ ಒಂದು ಅಳತೆಗೋಲನ್ನು ರೂಪಿಸಿದರು. 'ಸೋರ್ಟ್' ಎಂದು ಅದಕ್ಕೆ ಹೆಸರು. ಲೇಖನದಲ್ಲಿ ಕೊಡುವ ಪ್ರತಿ ಸಲಹೆಯ ಪಕ್ಕದಲ್ಲೂ ಎ, ಬಿ, ಸಿ ಎಂಬ ಒಂದಕ್ಷರ ಇರಬೇಕು. ಒಳ್ಳೆಯ ಗುಣಮಟ್ಟದ, ಒಂದಕ್ಕೊಂದು ಹೊಂದುವ ಆಧಾರವಿದ್ದರೆ ಎ. ಆಧಾರ ಅರೆಬರೆಯಾಗಿದ್ದರೆ, ಒಂದಕ್ಕೊಂದು ತಾಳೆಯಾಗದಿದ್ದರೆ ಬಿ. 'ದೊಡ್ಡವರು ಹೇಳುತ್ತಾರೆ, ರೂಢಿಯಲ್ಲಿದೆ' ಎನ್ನುವುದಷ್ಟೇ ಆಧಾರವಾದರೆ ಸಿ. ಇಷ್ಟೇ ಆಗಿದ್ದರೆ ಇದೊಂದು ಗುಮಾಸ್ತಿಕೆಯ ಸುಧಾರಣೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅದರೊಳಗೆ ಇನ್ನೊಂದು ನಿಯಮವಿತ್ತು. ಎ ಅಥವಾ ಬಿ ಸಿಗಬೇಕಾದರೆ ಆ ಆಧಾರ ರೋಗಿಯ ಅನುಭವಕ್ಕೆ ಬರುವಂಥದ್ದಾಗಿರಬೇಕು. ಆತ ಹೆಚ್ಚು ದಿನ ಬದುಕಿದನೇ, ನೋವು ಕಡಿಮೆಯಾಯಿತೇ, ನಡೆದಾಡಿದನೇ, ಖರ್ಚು ತಗ್ಗಿತೇ? ಪ್ರಯೋಗಶಾಲೆಯ ಚೀಟಿಯಲ್ಲಿ ಒಂದು ಅಂಕಿ ಇಳಿಯಿತು ಎಂಬುದು ಎಷ್ಟೇ ದೊಡ್ಡ ಅಧ್ಯಯನದಿಂದ ಬಂದರೂ ಅದಕ್ಕೆ ಸಿ.

ಇದು ಯಾಕೆ ದೊಡ್ಡ ಮಾತು ಎನ್ನುವುದಕ್ಕೆ ಸಕ್ಕರೆ ಕಾಯಿಲೆಯನ್ನೇ ತೆಗೆದುಕೊಳ್ಳಿ. ಈ ಕೋಣೆಯಲ್ಲಿರುವ ಅರ್ಧ ಜನಕ್ಕಾದರೂ ಅದು ಮನೆಯ ಮಾತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಎಂಬ ಅಂಕಿಯನ್ನು ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದೆಂದು ಬಹುಕಾಲ ನಂಬಿಕೆಯಿತ್ತು. ಅಮೆರಿಕ ಮತ್ತು ಕೆನಡಾದಲ್ಲಿ 10,251 ಮಧುಮೇಹಿಗಳನ್ನು ಸೇರಿಸಿಕೊಂಡು 'ಅಕಾರ್ಡ್' ಎಂಬ ಅಧ್ಯಯನ ನಡೆಯಿತು. ಒಂದು ಗುಂಪಿಗೆ ಆ ಅಂಕಿಯನ್ನು ಆರಕ್ಕಿಂತ ಕೆಳಗೆ ತರಲೇಬೇಕೆಂದು ಔಷಧ ಏರಿಸಲಾಯಿತು, ಇನ್ನೊಂದಕ್ಕೆ ಸಾಮಾನ್ಯ ಚಿಕಿತ್ಸೆ. ಅಂಕಿ ಇಳಿಯಿತು, ಚೀಟಿ ಅಂದವಾಯಿತು. ಆದರೆ ಬಿಗಿಯಾಗಿ ಇಳಿಸಿದ ಗುಂಪಿನಲ್ಲಿ 257 ಜನ ಸತ್ತಿದ್ದರು, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ 203. 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಸಕ್ಕರೆಯನ್ನು ಅಲಕ್ಷಿಸಬಹುದು ಎಂದು ಇದರ ಅರ್ಥವಲ್ಲ. ದಯವಿಟ್ಟು ಯಾರೂ ನಾಳೆಯಿಂದ ಮಾತ್ರೆ ಬಿಡಬೇಡಿ. ಅಂಕಿಗೂ ಮನುಷ್ಯನಿಗೂ ನಡುವೆ ಒಂದು ಅಂತರವಿದೆ, ಔಷಧದ ಮಾರಾಟ ಅಂಕಿಯ ಕಡೆಯಿಂದ ನಡೆಯುತ್ತದೆ. ಆ ಅಂತರವನ್ನು ಪ್ರತಿ ಸಂಚಿಕೆಯಲ್ಲೂ ತೋರಿಸುತ್ತಿರಲು ಯಾರಾದರೊಬ್ಬರು ಬೇಕಾಗುತ್ತದೆ.

ಸಿವೆಕ್ ಅವರ ಪತ್ರಿಕೆ ಪೂರ್ತಿ ಶುದ್ಧವಾಗಿತ್ತೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಔಷಧ ಕಂಪನಿಗಳ ಜಾಹೀರಾತುಗಳಿದ್ದವು. ಅದನ್ನು ಪ್ರಕಟಿಸುವ ಕುಟುಂಬ ವೈದ್ಯರ ಅಕಾಡೆಮಿ 2009ರಲ್ಲಿ ಕೋಕಾ-ಕೋಲಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಸಿಹಿ ಪಾನೀಯಗಳ ಬಗ್ಗೆ ಜನರಿಗೆ ತಿಳಿವಳಿಕೆ ಕೊಡಲು ಸಿಹಿ ಪಾನೀಯದ ಕಂಪನಿಯಿಂದಲೇ ಹಣ! ಕೆಲವು ವೈದ್ಯರು ಸದಸ್ಯತ್ವ ಬಿಟ್ಟು ಹೊರಬಂದರು. 2015ರಲ್ಲಿ ಆ ಸಂಬಂಧ ಮುಗಿಯಿತು. ಇಂಥ ಮನೆಯೊಳಗೆ ಕುಳಿತು, ಕಂಪನಿಯೊಡನೆ ಹಣದ ನಂಟಿರುವವರ ಲೇಖನ ನಮಗೆ ಬೇಡ ಎನ್ನುವ ನಿಯಮವನ್ನು ಒಬ್ಬ ಸಂಪಾದಕರು ಬಿಗಿಗೊಳಿಸುತ್ತ ಹೋದರು ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಮನೆಯ ಯಜಮಾನರು ತಪ್ಪು ಮಾಡುತ್ತಿದ್ದರೂ ಪುಟದ ಯಜಮಾನಿಕೆ ಬೇರೆಯವರ ಕೈಯಲ್ಲಿರಲು ಸಾಧ್ಯ.

ಯಾವಾಗಲೂ ಹಾಗಿರುವುದಿಲ್ಲ. ಬೀಳ್ಕೊಡುಗೆಯ ಭಾಗ್ಯವಿಲ್ಲದ ಸಂಪಾದಕರ ಪಟ್ಟಿ ಉದ್ದವಾಗಿದೆ. 1999ರ ಜನವರಿಯಲ್ಲಿ ಅಮೆರಿಕದ ವೈದ್ಯಕೀಯ ಸಂಘ ತನ್ನ 'ಜಾಮಾ' ಪತ್ರಿಕೆಯ ಸಂಪಾದಕ ಜಾರ್ಜ್ ಲುಂಡ್‌ಬರ್ಗ್ ಅವರನ್ನು ಹದಿನೇಳು ವರ್ಷದ ಸೇವೆಯ ನಂತರ ಕೆಲಸದಿಂದ ತೆಗೆಯಿತು. ಅಧ್ಯಕ್ಷ ಕ್ಲಿಂಟನ್ ಅವರ ವಿಚಾರಣೆ ನಡೆಯುತ್ತಿದ್ದ ದಿನಗಳಲ್ಲಿ, ಕಾಲೇಜು ವಿದ್ಯಾರ್ಥಿಗಳು ಯಾವುದನ್ನು ಲೈಂಗಿಕ ಸಂಬಂಧ ಎಂದು ಪರಿಗಣಿಸುತ್ತಾರೆ ಎಂಬ ಸಮೀಕ್ಷೆಯನ್ನು ಪ್ರಕಟಿಸಿದ್ದು ಕಾರಣ. ಅದೇ ವರ್ಷ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನ ಜೆರೋಮ್ ಕ್ಯಾಸಿರರ್ ಹೊರಹೋಗಬೇಕಾಯಿತು. ಪತ್ರಿಕೆಯ ಹೆಸರನ್ನು ಬೇರೆ ಬೇರೆ ಸರಕುಗಳಿಗೆ ಅಂಟಿಸಿ ಮಾರುವ ಒಡೆಯರ ಯೋಜನೆಗೆ ಅವರು ಒಪ್ಪಿರಲಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯ ಸ್ಟೀಫನ್ ಲೀಡರ್, ಉತ್ಪಾದನೆಯ ಕೆಲಸವನ್ನು ಎಲ್ಸೆವಿಯರ್ ಕಂಪನಿಗೆ ಗುತ್ತಿಗೆ ಕೊಡುವುದನ್ನು ವಿರೋಧಿಸಿ ಸ್ಥಾನ ಕಳೆದುಕೊಂಡರು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಕೆನಡಾದ ಪ್ರಕರಣ. ಗರ್ಭ ತಡೆಯುವ ತುರ್ತು ಮಾತ್ರೆ ಅಲ್ಲಿ ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಸಿಗಲಾರಂಭಿಸಿತ್ತು. ಕೆನಡಾ ವೈದ್ಯಕೀಯ ಸಂಘದ ಪತ್ರಿಕೆಯ ವರದಿಗಾರರು ಹದಿಮೂರು ಮಹಿಳೆಯರನ್ನು ಅಂಗಡಿಗಳಿಗೆ ಕಳುಹಿಸಿ, ಅಲ್ಲಿ ಏನೇನು ಕೇಳುತ್ತಾರೆ ಎಂದು ನೋಡಿದರು. ಹೆಸರು, ವಿಳಾಸ, ಯಾವಾಗ ಸಂಪರ್ಕವಾಯಿತು ಎಂಬ ವಿವರ, ಹೀಗೆ ಖಾಸಗಿ ಬದುಕಿನ ಪ್ರಶ್ನೆಗಳೆಲ್ಲ ಎದುರಾಗಿದ್ದವು. ಔಷಧ ವ್ಯಾಪಾರಿಗಳ ಸಂಘ ದೂರಿತು. ಪತ್ರಿಕೆಯ ಒಡೆಯರು ಪ್ರಕಟಣೆಗೆ ಮೊದಲೇ ಕೈ ಹಾಕಿದರು, ವರದಿಯನ್ನು ತಿದ್ದಿ ಮೆದುಗೊಳಿಸಿ ಪ್ರಕಟಿಸಬೇಕಾಯಿತು. 2006ರ ಫೆಬ್ರವರಿಯಲ್ಲಿ ಸಂಪಾದಕ ಜಾನ್ ಹೋಯ್ ಮತ್ತು ಅವರ ಸಹೋದ್ಯೋಗಿ ಆನ್ ಮರೀ ಟಾಡ್ಕಿಲ್ ಇಬ್ಬರನ್ನೂ ತೆಗೆದುಹಾಕಲಾಯಿತು. ಸಂಪಾದಕ ಮಂಡಳಿಯ ಬಹುಪಾಲು ಸದಸ್ಯರು ರಾಜೀನಾಮೆ ಕೊಟ್ಟರು. ಆ ಬಳಗದವರೇ ಮರುವರ್ಷ ಔಷಧ ಕಂಪನಿಗಳ ಜಾಹೀರಾತಿನ ಹಂಗಿಲ್ಲದ 'ಓಪನ್ ಮೆಡಿಸಿನ್' ಪತ್ರಿಕೆಯನ್ನು ಆರಂಭಿಸಿದರು. ಔಷಧದಂಗಡಿಯ ಗಲ್ಲಾದ ಮುಂದೆ ನಿಂತ ಹೆಣ್ಣುಮಗಳ ಗುಟ್ಟಿಗಾಗಿ ಒಬ್ಬ ಸಂಪಾದಕ ಕೆಲಸ ಕಳೆದುಕೊಂಡ ಎಂದು ನಾನು ಇದನ್ನು ನೆನಪಿಟ್ಟುಕೊಂಡಿದ್ದೇನೆ.

ಭಾರತದಲ್ಲಿ ಏನಿತ್ತು ಎಂದರೆ, ನನಗೆ ಮೊದಲು ನೆನಪಾಗುವವರು ಡಾ. ಚಂದ್ರ ಗುಲ್ಹಾಟಿ. ನಮ್ಮ ಊರುಗಳ ಡಾಕ್ಟ್ರ ಮೇಜಿನ ಮೇಲೆ ಬಿ.ಪಿ. ನೋಡುವ ಯಂತ್ರದ ಪಕ್ಕದಲ್ಲಿ ಬಿದ್ದಿರುತ್ತಿದ್ದ 'ಮಿಮ್ಸ್ ಇಂಡಿಯಾ' ಎಂಬ ಔಷಧಗಳ ಕೈಪಿಡಿಯನ್ನು ನೋಡಿದ್ದೀರಲ್ಲ, ಅದರ ಸಂಪಾದಕರು. ಔಷಧದ ಹೆಸರು, ಪ್ರಮಾಣ, ಬೆಲೆಯ ಪಟ್ಟಿಯಿರುವ ಇಂಥ ಪುಸ್ತಕಕ್ಕೆ ಸಂಪಾದಕೀಯವೇಕೆ ಎಂದು ಯಾರಾದರೂ ಕೇಳಬಹುದು. ಅವರು ಅಲ್ಲಿಯೇ ಬರೆದರು. ಬೇರೆ ಹಲವು ದೇಶಗಳು ಮಕ್ಕಳಿಗೆ ಕೊಡದ ನಿಮೆಸುಲೈಡ್ ಎಂಬ ಜ್ವರದ ಔಷಧವನ್ನು ನಮ್ಮ ದೇಶದಲ್ಲಿ ಸಿರಪ್ ಮಾಡಿ ಹಸುಗೂಸುಗಳಿಗೂ ಕುಡಿಸುತ್ತಿರುವುದೇಕೆ ಎಂದು ವರ್ಷಗಟ್ಟಲೆ ಕೇಳಿದರು. 2011ರಲ್ಲಿ ಸರ್ಕಾರ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ನಿಷೇಧಿಸಿತು. ಅಷ್ಟರೊಳಗೆ ನಮ್ಮ ಮನೆಯ ಕಪಾಟಿನಲ್ಲೂ ಆ ಸಿರಪ್ಪಿನ ಬಾಟಲಿ ಇತ್ತು. ಅಮ್ಮ ಮೊಮ್ಮಗುವಿಗೆಂದು ತಂದಿಟ್ಟದ್ದು.

ಕನ್ನಡದ ಮಾತಿಗೆ ಬರೋಣ. ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ'ಯನ್ನು ಆರಂಭಿಸಿದರು. ನಮಗೆಲ್ಲ ಅವರು ರಾಶಿ. ಅದು ವೈದ್ಯಕೀಯ ಪತ್ರಿಕೆಯಲ್ಲ, ಹಾಸ್ಯಪತ್ರಿಕೆ. ಆರ್. ಕೆ. ಲಕ್ಷ್ಮಣ್ ಚಿತ್ರ ಬರೆದದ್ದು, ಟಿ. ಸುನಂದಮ್ಮ ಬರೆದು ಬೆಳೆದದ್ದು ಅಲ್ಲಿ. ಇಪ್ಪತ್ತೈದು ವರ್ಷ ನಡೆಸಿ 1967ರಲ್ಲಿ ಅವರು ಅದನ್ನು ನಿಲ್ಲಿಸಿದರು. ಮುಂದೆ ಅದರ ಹಾದಿಯಲ್ಲಿ 'ಅಪರಂಜಿ' ಬಂದದ್ದು 1983ರಲ್ಲಿ. ನಡುವಿನ ಹದಿನಾರು ವರ್ಷ ಆ ಕುರ್ಚಿ ಬರಿದಾಗಿತ್ತು. ಅದೇ ರಾಶಿಯವರು ಮನೋವೈದ್ಯದ ಬಗ್ಗೆ ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಿಕ್ಕಿತು. ಕಥೆ, ಕಾವ್ಯಗಳಿಗೆ ಕೊಡುವ ಮನ್ನಣೆಯನ್ನು ಒಂದು ಮನೋವೈದ್ಯದ ಪುಸ್ತಕಕ್ಕೆ ಕೊಟ್ಟ ಕಾಲವೂ ಇತ್ತು. ಇನ್ನು ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು', 'ಕೇಳು ಕಿಶೋರಿ', 'ದಾಂಪತ್ಯ ದೀಪಿಕೆ'ಗಳು. ಮುಟ್ಟು, ಬಸಿರು, ಹೆರಿಗೆಗಳನ್ನು ತಗ್ಗಿದ ದನಿಯಲ್ಲಷ್ಟೇ ಮಾತನಾಡುತ್ತಿದ್ದ ಮನೆಗಳಲ್ಲಿ ಆ ಪುಸ್ತಕಗಳು ಕೈಯಿಂದ ಕೈಗೆ ದಾಟಿದವು. ನಮ್ಮ ಮನೆಯಲ್ಲಿ 'ಕೇಳು ಕಿಶೋರಿ' ಅಕ್ಕಿ ಡಬ್ಬದ ಹಿಂದೆ ಇರುತ್ತಿತ್ತು. ನನ್ನ ತಂಗಿ ನರ್ಸ್ ಆಗಿದ್ದರಲ್ಲಿ ಆ ಡಬ್ಬದ ಪಾತ್ರ ಎಷ್ಟು ಎಂದು ಅವಳನ್ನೇ ಕೇಳಿ.

ಇವರೆಲ್ಲ ಲೇಖಕರು, ಒಬ್ಬೊಬ್ಬರೇ ಹೊತ್ತರು. ಒಬ್ಬರು ಎದ್ದು ಹೊರಟಾಗ ಇನ್ನೊಬ್ಬರು ಬಂದು ಕೂರುವ ಕುರ್ಚಿ ನಮ್ಮಲ್ಲಿ ಕಡಿಮೆ. ಮೂವತ್ತು ವರ್ಷದ ನಂತರ ಸಿವೆಕ್ ಎದ್ದರು, ಮುಂದಿನ ಸಂಚಿಕೆ ಹೊತ್ತಿಗೆ ಸರಿಯಾಗಿ ಬಂತು. ನನಗೆ ಅಸೂಯೆ ಹುಟ್ಟಿಸುವುದು ಇದು.

ಈಗ ಅಹ್ಮದಿ. ಬುರ್ಗಾನಿನಲ್ಲಿ 1938ರಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ಮೊದಲ ಹಡಗು ತುಂಬಿತು. ಅದರ ಬೆನ್ನಿಗೇ ಕುವೈತ್ ಆಯಿಲ್ ಕಂಪನಿ ಕಟ್ಟಿದ ಊರು ಇದು. ಕಟ್ಟುವಾಗಲೇ ಶ್ರೇಣಿ ಹಾಕಿ ಕಟ್ಟಿದರು. ಉತ್ತರಕ್ಕೆ ತೋಟವಿರುವ ಬಂಗಲೆಗಳಲ್ಲಿ ಬ್ರಿಟಿಷ್, ಅಮೆರಿಕನ್ ಅಧಿಕಾರಿಗಳು. ನಡುವೆ ಭಾರತ, ಪಾಕಿಸ್ತಾನಗಳಿಂದ ಬಂದ ಗುಮಾಸ್ತರು, ಕುಶಲಕರ್ಮಿಗಳು. ದಕ್ಷಿಣಕ್ಕೆ ಅರಬ್ ಕೂಲಿಗಳು. 1961ರವರೆಗೆ ಇಲ್ಲಿ ನಡೆಯುತ್ತಿದ್ದ ಹಣ ರೂಪಾಯಿ. 1960ರಲ್ಲಿ ಕಂಪನಿ ಇಲ್ಲಿ ಸೌತ್‌ವೆಲ್ ಆಸ್ಪತ್ರೆಯನ್ನು ತೆರೆಯಿತು. ವಸತಿಯ ಆ ನಕ್ಷೆ ಈಗ ಬದಲಾಗಿದೆ, ಸಾಲು ಮಾತ್ರ ಪೂರ್ತಿ ಅಳಿದಿಲ್ಲ. 2013ರಲ್ಲಿ ಜಹ್ರಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಗಿನ ಹೊತ್ತು ಪ್ರಜೆಗಳಿಗೆ, ಸಂಜೆ ವಲಸಿಗರಿಗೆ ಎಂಬ ಪದ್ಧತಿಯನ್ನು ತಂದದ್ದು ನಿಮಗೆ ನೆನಪಿರಬಹುದು. ಇಲ್ಲಿಂದ ಕೂಗಳತೆಯ ಮಂಗಫ್‌ನಲ್ಲಿ 2024ರ ಜೂನ್ 12ರ ನಸುಕಿನಲ್ಲಿ ಕಾರ್ಮಿಕರ ಕಟ್ಟಡ ಹೊತ್ತಿ ಉರಿದಾಗ ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತರು. ಒಂದು ಕಟ್ಟಡದಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬುದು ಹೊರಜಗತ್ತಿಗೆ ಗೊತ್ತಾದದ್ದು ಅಂದು.

ಅಕ್ಕನ ಹಾಳೆ ಹೋಗುತ್ತಿದ್ದದ್ದು ಅಂಥ ಕಟ್ಟಡಗಳಿಗೆ. ಅವರಿಗೆ ಮನೆ ಡಾಕ್ಟ್ರು ಎಂಬವರಿಲ್ಲ. ಪ್ರತಿ ಸಲ ಹೊಸ ಮುಖ, ಅರಬ್ಬಿಯಲ್ಲೋ ಇಂಗ್ಲಿಷಿನಲ್ಲೋ ಒಂದು ಚೀಟಿ, ಮಾತ್ರೆಯ ಪೊಟ್ಟಣ. ಒಮ್ಮೆ ಆ ಹಾಳೆಯನ್ನು ತಿದ್ದಿಕೊಡುವ ಭಾಗ್ಯ ನನ್ನದಾಗಿತ್ತು. ಬೇಸಿಗೆಯ ಹಾಳೆ ಅದು. ವಿದ್ವಾಂಸನಾದ ನಾನು 'ನಿರ್ಜಲೀಕರಣದಿಂದ ಮೂತ್ರಪಿಂಡಗಳ ಕಾರ್ಯಕ್ಷಮತೆ ಕುಂಠಿತಗೊಳ್ಳುತ್ತದೆ' ಎಂದು ಬರೆದು ಕಳುಹಿಸಿದೆ. ಅಕ್ಕ ಅದನ್ನು ಸಿಂದಗಿಯ ಕಡೆಯ ಒಬ್ಬ ಗಾರೆ ಕೆಲಸದವನಿಗೆ ಓದಿಸಿದರು. ಅವನು ಎರಡು ಸಲ ಓದಿ, 'ಅಕ್ಕಾರ, ಇದು ಸರ್ಕಾರದ್ದೇನ್ರಿ?' ಎಂದು ಕೇಳಿದನಂತೆ. ಹಾಳೆ ಹೊರಬಂದಾಗ ಅಲ್ಲಿದ್ದದ್ದು: 'ಬಿಸಿಲಿನಲ್ಲಿ ದುಡಿದು ಮೈಯ ನೀರು ಇಳಿದಾಗ ಸೊಂಟನೋವಿಗೆಂದು ಡೈಕ್ಲೋಫೆನಾಕ್ ನುಂಗಿದರೆ ಕಿಡ್ನಿ ಕೆಡಬಹುದು. ಉಚ್ಚೆ ಕಡು ಹಳದಿಯಾದರೆ ಮೊದಲು ನೀರು ಕುಡಿ, ನೆರಳಿಗೆ ಹೋಗು.'

ಇನ್ನೊಂದು ಸಲ, 'ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು' ಎಂಬ ಸಕ್ಕರೆ ಮಾತ್ರೆಯ ಸಾಲಿಗೆ ಅವರು ಕೆಂಪು ಗೆರೆ ಎಳೆದರು. ರಾತ್ರಿ ಪಾಳಿಯವನಿಗೆ ಬೆಳಿಗ್ಗೆ ಎಂದರೆ ಮಲಗುವ ಹೊತ್ತು. ಮಾತ್ರೆ ನುಂಗಿ ಉಣ್ಣದೆ ಮಲಗಿದವನು ಸಕ್ಕರೆ ಇಳಿದು ಏಳದೇ ಹೋದರೆ? ಆ ಸಾಲನ್ನು 'ಪಾಳಿಯವರು ತಾವು ಉಣ್ಣುವ ಹೊತ್ತನ್ನು ಡಾಕ್ಟ್ರಿಗೆ ಹೇಳಿ, ಕೇಳಿಕೊಂಡೇ ನುಂಗಬೇಕು' ಎಂದು ಬದಲಿಸಿದರು. ಎ, ಬಿ, ಸಿ ಎಂಬ ಅಕ್ಷರಗಳನ್ನು ಅವರು ಕೇಳಿರಲಿಕ್ಕಿಲ್ಲ. ಅವರ ಕೆಂಪು ಗೆರೆಯ ಹಿಂದಿದ್ದ ಪ್ರಶ್ನೆ ಅದೇ.

ಹಣದ ಪರೀಕ್ಷೆಯೂ ಬಂತು. ಖಾಸಗಿ ಚಿಕಿತ್ಸಾಲಯವೊಂದು, ಅದರ ಹೆಸರು ಬೇಡ, ಹಾಳೆಯನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಹಂಚುವುದಾಗಿ ಮುಂದೆ ಬಂದಿತ್ತು. ಕೆಳಗೆ ತಮ್ಮ ಹೆಸರು, ರಕ್ತಪರೀಕ್ಷೆಗೆ ರಿಯಾಯಿತಿಯ ಕೂಪನ್ ಇದ್ದರೆ ಸಾಕು ಎಂದರು. ನಮ್ಮಲ್ಲೇ ಕೆಲವರು ಒಪ್ಪಿಕೊಳ್ಳೋಣ ಎಂದೆವು. ಹೆಚ್ಚು ಜನಕ್ಕೆ ತಲುಪುತ್ತದಲ್ಲ ಎಂಬ ವಾದ ನನ್ನದೂ ಆಗಿತ್ತು. ಅಕ್ಕ, 'ಬೇಡದ ಪರೀಕ್ಷೆ ಮಾಡಿಸಬೇಡಿ ಅಂತ ನಾಳೆ ಬರೀಬೇಕಾದ್ರೆ ಯಾವ ಪುಟದಲ್ಲಿ ಬರೀಲಿ?' ಎಂದರು. ಹಾಳೆ ಕಪ್ಪುಬಿಳುಪಿನಲ್ಲೇ ಉಳಿಯಿತು. ಆ ದಿನ ನಾನು ಯಾವ ಪಕ್ಷದಲ್ಲಿದ್ದೆ ಎಂಬುದನ್ನು ನನ್ನ ಸಂಶೋಧನೆಯ ವಿಷಯವನ್ನು ಬಲ್ಲವರು ಗಮನಿಸಬೇಕು.

ಜೂನ್ ಒಂದರಿಂದ ಆಗಸ್ಟ್ ಕೊನೆಯವರೆಗೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ಕಾನೂನು ಇಲ್ಲಿದೆ. ಅದು ಗೊತ್ತಿಲ್ಲದವರು ಇನ್ನೂ ಇದ್ದಾರೆ, ಗೊತ್ತಿದ್ದೂ ಹೇಳಲಾಗದವರು ಅದಕ್ಕಿಂತ ಹೆಚ್ಚು. ಈ ಸಲದ ಬೇಸಿಗೆಯ ಹಾಳೆಯ ಕರಡನ್ನು ಅಕ್ಕ ಮುಗಿಸಿ ಕೊಟ್ಟಿದ್ದಾರೆ. ಅದರಲ್ಲಿ ಒಂದು ಸಾಲು ಮಾತ್ರ ತೀರ್ಮಾನವಾಗಿಲ್ಲ. ಮೇಸ್ತ್ರಿ ಆ ಹೊತ್ತಿನಲ್ಲಿ ಕೆಲಸಕ್ಕೆ ಕರೆದರೆ ಏನು ಮಾಡಬೇಕು ಎಂಬ ಸಾಲು. 'ದೂರು ಕೊಡಿ' ಎಂದು ಬರೆಯುವುದು ನಮಗೆ ಸುಲಭ, ವೀಸಾ ಅವನದು. ಬರೆಯದೆ ಬಿಟ್ಟರೆ ಉಳಿದ ಹಾಳೆಗೆ ಅರ್ಥವಿಲ್ಲ. ಅಕ್ಕ ಆ ಸಾಲಿನ ಎದುರು ಪ್ರಶ್ನೆಚಿಹ್ನೆ ಹಾಕಿ, 'ನೀವೇ ಕೂತು ಬರೀರಿ' ಎಂದು ಬರೆದಿದ್ದಾರೆ.

ಕರಡಿನ ಆರು ಪ್ರತಿ ತಂದಿದ್ದೇನೆ, ಬಾಗಿಲ ಪಕ್ಕದ ಮೇಜಿನ ಮೇಲಿವೆ, ಕೆಂಪು ಪೆನ್ನೂ ಇದೆ. ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆಯಂತೆ.